ಟ್ರ್ಯಾಕ್ಟರ್ ಮನೆಯ ತಳಪಾಯಕ್ಕೆ ನೆಲದ ಪರೀಕ್ಷೆ
(ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ರೈತರಿಗಾಗಿ)

ಎತ್ತಿನ ಗಾಡಿಯು ಬೇವಿನ ಮರದ ನೆರಳಿನಲ್ಲಿ ನಿಲ್ಲುತ್ತಿದ್ದ ಕಾಲದಲ್ಲಿ ಅದಕ್ಕೆ ಪ್ರತ್ಯೇಕವಾದ ಮನೆಯು ಬೇಕಾಗಿರಲಿಲ್ಲ. ಟ್ರ್ಯಾಕ್ಟರು, ರಾಶಿ ಯಂತ್ರ ಮೊದಲಾದವು ಹೆಚ್ಚು ಬೆಲೆಯವು. ಅನೇಕರು ಅವನ್ನು ಸಾಲ ಮಾಡಿ ಕೊಂಡಿರುತ್ತಾರೆ. ಅವುಗಳ ರಕ್ಷಣೆಗಾಗಿ ಹಿತ್ತಲಿನಲ್ಲಾಗಲಿ ಹೊಲದಲ್ಲಾಗಲಿ ಬಿಡಿಯಾದ ಮನೆಯನ್ನು ಕಟ್ಟಿಸುವ ರೂಢಿಯು ಬೆಳೆದಿದೆ. ಇದಕ್ಕೆ ಕಲ್ಲು, ಇಟ್ಟಿಗೆ, ತಗಡುಗಳೆಷ್ಟು ಬೇಕೆಂದು ಲೆಕ್ಕ ಹಾಕುವವರು ನೆಲವನ್ನು ಲೆಕ್ಕಕ್ಕೆ ಹಿಡಿಯುವುದು ಅಪೂರ್ವ. ಕೆಲವು ಮಳೆಗಾಲಗಳು ಕಳೆಯುವುದರೊಳಗೆ ಗೋಡೆಯು ಸೀಳಿ, ಬಾಗಿಲ ಚೌಕಟ್ಟು ಸೊಟ್ಟಗಾಗುವುದುಂಟು. ಗೋಡೆಯು ಬಿದ್ದರೆ ಯಂತ್ರಕ್ಕೆ ಮಾತ್ರವಲ್ಲ, ಅದರ ಮಗ್ಗುಲಲ್ಲಿ ಕಟ್ಟಿದ ದನಗಳಿಗೂ ಆಡುವ ಮಕ್ಕಳಿಗೂ ಅಪಾಯ.

ಎರೆಯೂ ಮಸಾರಿಯೂ

ಈ ಸೀಮೆಯಲ್ಲಿ ಎರೆಯೂ ಮಸಾರಿಯೂ ಅನೇಕ ಕಡೆ ಒಂದೇ ಊರಿನ ಎಲ್ಲೆಯೊಳಗೆ ಇರುತ್ತವೆ. ಬಿಳಿಜೋಳ, ಕಡಲೆಗಳಿಗೆ ತೇವವನ್ನು ಹಿಡಿದಿಟ್ಟು ಕೊಡುವ ಎರೆಯು ರೈತನಿಗೆ ಭಾಗ್ಯವೇ ಸರಿ. ಆದರೆ ಅದೇ ಗುಣವು ಕಟ್ಟಡಕ್ಕೆ ಶತ್ರು. ಎರೆಯಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜಿಗುಟು ಖನಿಜವು ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೆಳೆಗೆ ಉತ್ತಮವಾದ ನೆಲವು ಗೋಡೆಗೂ ಉತ್ತಮವೆಂದು ತಿಳಿಯಕೂಡದು.

ಭಾರವಾದ ಕಟ್ಟಡವೇ ನೆಲದೊಳಗೆ ಇಳಿಯುತ್ತದೆ, ಹಗುರವಾದುದಕ್ಕೆ ಭಯವಿಲ್ಲವೆಂಬ ನಂಬಿಕೆಯುಂಟು. ಮಸಾರಿಯಲ್ಲಿ ಇದು ಬಹುಮಟ್ಟಿಗೆ ನಿಜ. ಎರೆಯಲ್ಲಿ ವಿಷಯವು ತಲೆಕೆಳಗು. ಅಲ್ಲಿ ನೆಲವೇ ಕಟ್ಟಡವನ್ನು ಮೇಲಕ್ಕೆ ನೂಕುತ್ತದೆ. ದೊಡ್ಡ ಕಟ್ಟಡವು ತನ್ನ ಭಾರದಿಂದ ಆ ನೂಕನ್ನು ಸ್ವಲ್ಪಮಟ್ಟಿಗೆ ತಡೆದೀತು. ತಗಡು ಹೊದಿಸಿದ ಟ್ರ್ಯಾಕ್ಟರ್ ಮನೆಗೆ ಆ ಶಕ್ತಿಯಿಲ್ಲ. ಸಾಲದುದಕ್ಕೆ, ಗೋಡೆಯ ಹೊರಗಿನ ಮಣ್ಣು ಬಿಸಿಲಿಗೆ ಒಣಗಿ ಕುಗ್ಗುತ್ತಿರುವಾಗ ಒಳಗಿನ ಮಣ್ಣು ತೇವವಾಗಿಯೇ ಉಳಿದು ಉಬ್ಬಿರುತ್ತದೆ. ಈ ಎಳೆದಾಟದಲ್ಲಿ ಗೋಡೆಯು ಸೀಳುತ್ತದೆ.

ಸ್ಥಳದ ಆಯ್ಕೆ

ಎತ್ತರದ, ಮಳೆನೀರು ಸರಾಗವಾಗಿ ಹರಿದುಹೋಗುವ ಜಾಗವನ್ನೇ ಆರಿಸತಕ್ಕದ್ದು. ಹಳೆಯ ಹಗೇವು, ಮುಚ್ಚಿದ ಬಾವಿ, ತಿಪ್ಪೆಗುಂಡಿಗಳಿದ್ದ ಸ್ಥಳವನ್ನು ಬಿಡಬೇಕು. ಕಾಳು ತುಂಬುವ ರೂಢಿ ತಪ್ಪಿದ ಮೇಲೆ ಹಗೇವುಗಳ ಬಾಯಿಯನ್ನು ಮಾತ್ರ ಮುಚ್ಚಿ ಒಡಲನ್ನು ಪೊಳ್ಳಾಗಿಯೇ ಬಿಟ್ಟಿರಬಹುದು. ಊರಿನ ಹಿರಿಯರನ್ನು ವಿಚಾರಿಸಿದಲ್ಲದೆ ಗುದ್ದಲಿ ಹಾಕಬಾರದು. ದೊಡ್ಡ ಮರದಿಂದ ಅದರ ಎತ್ತರದಷ್ಟಾದರೂ ದೂರವಿರುವುದು ಮೇಲು. ಬೇರುಗಳು ಬೇಸಿಗೆಯಲ್ಲಿ ನೆಲದ ತೇವವನ್ನು ಹೀರಿ ಒಂದು ಮಗ್ಗುಲನ್ನೇ ಕುಗ್ಗಿಸುತ್ತವೆ.

ಗಂಗಾವತಿಯ ಕಡೆ ಇನ್ನೊಂದು ವಿಚಾರವುಂಟು. 1953ರಲ್ಲಿ ತುಂಗಭದ್ರೆಯ ನೀರು ಹರಿಯಲಾರಂಭಿಸಿದ ಬಳಿಕ ಎಡದಂಡೆ ಕಾಲುವೆಯ ಕೆಳಗೆ ಭತ್ತದ ಬೇಸಾಯವು ಹಬ್ಬಿತು. ತಗ್ಗಿನ ಭೂಮಿಗಳಲ್ಲಿ ಜೌಗು, ಸವಳುಗಳೂ ಕಾಣಿಸಿಕೊಂಡುವು. ನೆಲದ ಮೇಲೆ ಬಿಳಿಯ ಉಪ್ಪು ಕಟ್ಟಿದ್ದರೆ ಆ ಉಪ್ಪು ಕಾಂಕ್ರೀಟನ್ನೂ ಕಬ್ಬಿಣವನ್ನೂ ತಿನ್ನುತ್ತದೆ. ಅಲ್ಲಿ ಕಟ್ಟದಿರುವುದೇ ಲೇಸು.

ಪರೀಕ್ಷಾ ಗುಂಡಿ

2015ರಿಂದ ಕೊಡಲಾರಂಭಿಸಿದ ಮಣ್ಣು ಆರೋಗ್ಯ ಚೀಟಿಯು ಈ ಕೆಲಸಕ್ಕೆ ಸಾಲದು. ಅದು ಸಾಧಾರಣವಾಗಿ ಮೇಲಿನ 6 ಅಂಗುಲದ ಮಣ್ಣಿನ ಸಾರವನ್ನು ಹೇಳುತ್ತದೆ, ತಳಪಾಯವು ಕೂಡುವ ಆಳದ ಮಣ್ಣನ್ನಲ್ಲ.

ಬೇಸಿಗೆಯ ಕೊನೆಯಲ್ಲಿ, ಬಿರುಕುಗಳು ಪೂರ್ಣವಾಗಿ ಬಾಯಿಬಿಟ್ಟಿರುವಾಗ ಪರೀಕ್ಷೆಯನ್ನು ನಡೆಸಬೇಕು. ತೆಳ್ಳನೆಯ ಸಲಾಕಿಯನ್ನು ಬಿರುಕಿನೊಳಗೆ ಇಳಿಸಿ ಆಳವನ್ನು ಅಳೆಯತಕ್ಕದ್ದು. ತಳಪಾಯವು ಆ ಆಳಕ್ಕಿಂತ ಕೆಳಗಿರಬೇಕು. ಆ ಮಟ್ಟದವರೆಗಿನ ಮಣ್ಣು ವರ್ಷ ವರ್ಷವೂ ಉಬ್ಬಿ ಕುಗ್ಗುವಂಥದು.

ಬಳಿಕ ಕಟ್ಟಡದ ಮೂಲೆಗಳಲ್ಲಿ 6 ಅಡಿಯವರೆಗೆ, ಇಲ್ಲವೆ ಗಟ್ಟಿ ಗರಸು ಸಿಕ್ಕುವವರೆಗೆ ಗುಂಡಿಗಳನ್ನು ತೋಡಿ, ಒಂದೊಂದು ಅಡಿಗೂ ಮಣ್ಣಿನ ಬಣ್ಣ ಗುಣಗಳನ್ನು ಬರೆದಿಡಬೇಕು. ಒಂದೇ ಗುಂಡಿಯನ್ನು ನಂಬಿದರೆ ಮೋಸವಾದೀತು. ಒಂದು ಮೂಲೆಯು ಬಂಡೆಯ ಮೇಲೆ, ಇನ್ನೊಂದು ಎರೆಯ ಮೇಲೆ ಕುಳಿತ ಮನೆಗೆ ಪೂರ್ತಿ ಎರೆಯಲ್ಲಿರುವ ಮನೆಗಿಂತಲೂ ಹೆಚ್ಚು ಕೇಡು. ಗುಂಡಿಯ ಬದಿಗಳನ್ನು ಇಳಿಜಾರಾಗಿ ಕಡಿಯಬೇಕು. ನೆಟ್ಟಗೆ ಕಡಿದ ಎರೆಯ ಗೋಡೆಯು ಒಮ್ಮೆಗೇ ಕುಸಿದು ಒಳಗಿರುವವರನ್ನು ಹೂಳಬಲ್ಲದು. ಪರೀಕ್ಷೆಯಾಗುವವರೆಗೆ ಸುತ್ತಲೂ ಬೇಲಿಯಿರಲಿ.

ಉಬ್ಬಿನ ಪರೀಕ್ಷೆ

ತಳಪಾಯದ ಆಳದಿಂದ ತೆಗೆದ ಮಣ್ಣನ್ನು ಚೆನ್ನಾಗಿ ಒಣಗಿಸಿ, ಪುಡಿಮಾಡಿ, ನುಣ್ಣನೆಯ ಜರಡಿಯಲ್ಲಿ ಸೋಸಬೇಕು. 100 ಮಿಲಿಲೀಟರು ಅಳತೆಯ ಎರಡು ಗಾಜಿನ ಕೊಳವೆಗಳಲ್ಲಿ ತಲಾ 10 ಗ್ರಾಂ ಪುಡಿಯನ್ನು ಹಾಕಿ, ಒಂದಕ್ಕೆ ಸೀಮೆಎಣ್ಣೆಯನ್ನೂ ಇನ್ನೊಂದಕ್ಕೆ ಶುದ್ಧ ನೀರನ್ನೂ ತುಂಬಿ, ಕಲಕಿ, ಗಾಳಿಗುಳ್ಳೆಗಳು ಹೋದ ಮೇಲೆ 24 ಗಂಟೆ ಕದಲಿಸದೆ ಇಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ 10ರ ಗುರುತಿನವರೆಗೂ ನೀರಿನಲ್ಲಿ 18ರ ಗುರುತಿನವರೆಗೂ ಮಣ್ಣು ನಿಂತರೆ ಉಬ್ಬು ನೂರಕ್ಕೆ 80 ಎಂದು ತಿಳಿಯಬೇಕು. ನೂರಕ್ಕೆ 50ರ ಒಳಗಿದ್ದರೆ ಭಯ ಕಡಿಮೆ. 50ರಿಂದ 100ರವರೆಗೆ ಎಚ್ಚರ ಬೇಕು. 100ನ್ನು ಮೀರಿದರೆ ಇಂಜಿನಿಯರರ ಸಲಹೆಯಿಲ್ಲದೆ ಕಲ್ಲಿಡಬಾರದು.

ಕೈಗೊಳ್ಳತಕ್ಕ ಕ್ರಮಗಳು

ಗಟ್ಟಿ ಮಸಾರಿಯಲ್ಲಿ ಸಾಧಾರಣವಾಗಿ 3 ಅಡಿಯ ತಳಪಾಯವು ಸಾಕು. ತಳವನ್ನು ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಎರೆಯ ಕೆಳಗೆ 4-5 ಅಡಿಯಲ್ಲಿ ಗರಸು ಸಿಕ್ಕಿದರೆ ತಳಪಾಯವನ್ನು ಅಲ್ಲಿಯವರೆಗೆ ಇಳಿಸುವುದೇ ಕ್ಷೇಮ. ಎರೆಯು ಇನ್ನೂ ಆಳವಾಗಿದ್ದರೆ ಎರಡು ದಾರಿಗಳುಂಟು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ರೂಢಿಗೆ ತಂದ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟು ಕಂಬಗಳನ್ನು ಸುಮಾರು 11-12 ಅಡಿ ಆಳಕ್ಕಿಳಿಸಿ, ಅವುಗಳ ಮೇಲೆ ತೊಲೆ ಹಾಕಿ ಗೋಡೆಯೆಬ್ಬಿಸುವುದು ಒಂದು. ಎರೆಯನ್ನು ತೆಗೆದು, ಉಬ್ಬದ ಆದರೆ ಅಂಟುಳ್ಳ ಗರಸು ಮಣ್ಣನ್ನು ಪದರಪದರವಾಗಿ ದಮ್ಮಸು ಮಾಡುವುದು ಇನ್ನೊಂದು. ಮುಂಬಯಿಯ ಐ.ಐ.ಟಿ.ಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ಪ್ರತಿಪಾದಿಸಿದ ಈ ವಿಧಾನವು ಮಲಪ್ರಭಾ ಕಾಲುವೆಯಲ್ಲಿ ಉಪಯೋಗಕ್ಕೆ ಬಂದಿತು. ಬರಿಯ ಮರಳನ್ನು ತುಂಬುವುದು ಸರಿಯಲ್ಲ; ಮರಳಿನ ಸಂದಿಯಲ್ಲಿ ನೀರು ನಿಂತು ಕೆಳಗಿನ ಎರೆಯನ್ನು ಮತ್ತಷ್ಟು ಉಬ್ಬಿಸುತ್ತದೆ.

ಎರೆಯಲ್ಲಿ ಇಟ್ಟಿಗೆಯ ಗೋಡೆಗಿಂತ ಕಬ್ಬಿಣದ ಕಂಬ, ತಗಡುಗಳ ಮನೆಯು ನೆಲದ ಅಲ್ಪಸ್ವಲ್ಪ ಚಲನೆಯನ್ನು ತಾಳಿಕೊಳ್ಳುತ್ತದೆ. ಒಳನೆಲವನ್ನು ಗೋಡೆಗೆ ಬೆಸೆಯದೆ ಬಿಡಿಯಾಗಿ ಹಾಕಬೇಕು. ಸುತ್ತಲೂ 4 ಅಡಿ ಅಗಲದ, ಹೊರಕ್ಕೆ ಇಳಿಜಾರಾದ ನೆಲಗಟ್ಟು ಇರಲಿ. ಸೂರಿನ ನೀರನ್ನು ದೋಣಿಯಿಂದ ದೂರ ಸಾಗಿಸಬೇಕು. ಗೋಡೆಯ ಬುಡದಲ್ಲಿ ಟ್ರ್ಯಾಕ್ಟರನ್ನು ತೊಳೆಯಬಾರದು.

ಗುಂಡಿ ತೋಡುವುದಕ್ಕೆ ಹಿಡಿಯುವುದು ಒಂದೆರಡು ದಿನಗಳ ಆಳುಗೂಲಿ. ಸೀಳಿದ ಗೋಡೆಗೆ ಎಷ್ಟು ಸಲ ಗಾರೆ ಮೆತ್ತಿದರೂ ಕೆಳಗಿನ ಎರೆಯು ಮುಂದಿನ ಮಳೆಗೆ ಅದನ್ನು ಮತ್ತೆ ಬಿಚ್ಚುತ್ತದೆ. ಆದಕಾರಣ ರೈತರು ಕಲ್ಲು ತರಿಸುವುದಕ್ಕೆ ಮೊದಲೇ ಗುಂಡಿ ತೋಡಿಸಿ ನೆಲವನ್ನು ನೋಡಿಕೊಳ್ಳುವುದು ಉಚಿತ.