ಸವಾರಿಯ ಹಕ್ಕು

ಕಳೆದ ವರ್ಷ ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದು ಬರೋಣವೆಂದು ಅಮೆರಿಕದ ಫ್ಲಾರಿಡಾ ಪ್ರಾಂತಕ್ಕೆ ಹೋಗಿದ್ದೆ. ಒಂದು ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಹೊರಟ ನಾವಿಬ್ಬರೂ ದಾರಿಯಲ್ಲಿ ಪೆಟ್ರೋಲಿಗಾಗಿ ನಿಂತೆವು. ಮಗಳು ಕೆಳಗಿಳಿದಳು. ಅದೇ ಹೊತ್ತಿಗೆ ಗುಡುಗಿನಂಥ ಸದ್ದಿನೊಡನೆ ಹತ್ತು ಹನ್ನೆರಡು ಮೋಟಾರ್ ಸೈಕಲ್ಲುಗಳು ಒಂದರ ಹಿಂದೊಂದು ಬಂದು ನಮ್ಮ ಪಕ್ಕದಲ್ಲಿಯೇ ಸಾಲಾಗಿ ನಿಂತುವು. ಸವಾರರೆಲ್ಲರೂ ಕಪ್ಪು ಜನ. ಆಳೆತ್ತರದ ದೇಹ, ತೋಳಿಲ್ಲದ ಚರ್ಮದ ಕೋಟು, ಬೆನ್ನಿನ ಮೇಲೆ ಹೊಲಿದ ದೊಡ್ಡ ಲಾಂಛನ. ನಾನು ಏನನ್ನೂ ಯೋಚಿಸಿರಲಿಲ್ಲ. ಆದರೆ ನನ್ನ ಕೈ ಆಗಲೇ ಕಾರಿನ ಗಾಜನ್ನು ಮೇಲಕ್ಕೇರಿಸಿತ್ತು.

“ಇಷ್ಟು ಸೆಕೆಯಲ್ಲಿ ಗಾಜು ಯಾಕಪ್ಪಾ ಏರಿಸಿಕೊಂಡಿರಿ?” ಎಂದು ಮಗಳು ಹೊರಗಿನಿಂದಲೇ ಕೇಳಿದಳು.

ಉತ್ತರ ನನಗೆ ಗೊತ್ತಿತ್ತು. ಅದು ಬಾಯಿಬಿಟ್ಟು ಹೇಳುವಂಥದಾಗಿರಲಿಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಹೈಸ್ಕೂಲಿನ ಮಕ್ಕಳಿಗೆ ಚರಿತ್ರೆಯನ್ನು ಬೋಧಿಸಿದವನು ನಾನು. ಲಿಂಕನ್ನನ ವಿಷಯವನ್ನೂ ಮಾರ್ಟಿನ್ ಲೂಥರ್ ಕಿಂಗ್ ಅವರ ವಿಷಯವನ್ನೂ ಗಂಟಲು ಗದ್ಗದವಾಗುವಂತೆ ಹೇಳಿದವನು. ಆ ಪಾಠವೆಲ್ಲ ನನ್ನ ನಾಲಗೆಯವರೆಗೆ ಮಾತ್ರ ಇಳಿದಿತ್ತು, ಕೈಯವರೆಗೆ ಇಳಿದಿರಲಿಲ್ಲ ಎಂಬುದು ಎಪ್ಪತ್ತು ದಾಟಿದ ಮೇಲೆ ಒಂದು ಪೆಟ್ರೋಲು ಬಂಕಿನಲ್ಲಿ ನನಗೆ ಗೊತ್ತಾಯಿತು.

ನಾಚಿಕೆಯಿಂದ ನಾನೂ ಕೆಳಗಿಳಿದೆ. ಸವಾರರಲ್ಲಿ ಹಿರಿಯರೊಬ್ಬರು, ಬಿಳಿಯ ಗಡ್ಡದವರು, ನನ್ನತ್ತ ನೋಡಿ ನಕ್ಕರು. ತೋಚಿದ ಮಾತು ಒಂದೇ: “ನನ್ನ ಬಳಿಯೂ ಒಂದು ಮೋಟಾರ್ ಸೈಕಲ್ಲು ಇತ್ತು, ನಮ್ಮ ಮೈಸೂರಿನಲ್ಲಿಯೇ ತಯಾರಾದ ಜಾವಾ.” ಅವರು ಕೈಗವಸನ್ನು ಕಳಚಿ ನನ್ನ ಕೈ ಕುಲುಕಿದರು. ಎಂಜಿನ್ನು ಎಷ್ಟು ದೊಡ್ಡದು, ಬೆಟ್ಟ ಹತ್ತುತ್ತಿತ್ತೆ ಎಂದು ವಿಚಾರಿಸಿದರು. ಹೊರಡುವ ಮುನ್ನ, “ಈ ಊರಿಗೆ ಬಂದಮೇಲೆ ಬೆಸ್ಸಿಯ ಕಥೆಯನ್ನು ಕೇಳದೆ ಹೋಗಬೇಡಿ” ಎಂದರು. ಅಷ್ಟೇ ನಮ್ಮ ಪರಿಚಯ. ಆದರೆ ಆ ಹೆಸರು ನನ್ನ ಹಿಂದೆ ಬಂತು. ಮಗಳು ಸಾರ್ವಜನಿಕ ಪುಸ್ತಕ ಭಂಡಾರದಿಂದ ತಂದುಕೊಟ್ಟುದನ್ನೆಲ್ಲ ಮುಂದಿನ ವಾರಗಳಲ್ಲಿ ಕುಳಿತು ಓದಿದೆ. ಅದರಲ್ಲಿ ಕೆಲವನ್ನು ಓದುಗರೊಡನೆ ಹಂಚಿಕೊಳ್ಳಬೇಕೆನ್ನಿಸಿದೆ.

ಬೆಸ್ಸಿ ಸ್ಟ್ರಿಂಗ್‌ಫೀಲ್ಡ್ ಎಂಬುದು ಆಕೆಯ ಪೂರ್ಣ ಹೆಸರು. ಹದಿಹರೆಯದಲ್ಲಿಯೇ ಸವಾರಿ ಕಲಿತಳು. ಆಕೆಯ ಮೊದಲ ವಾಹನ ಇಂಡಿಯನ್ ಸ್ಕೌಟ್ ಎಂಬ ಮೋಟಾರ್ ಸೈಕಲ್ಲು. ಅನಂತರ ಬಾಳಿನುದ್ದಕ್ಕೂ ಹಾರ್ಲೆ ಡೇವಿಡ್‌ಸನ್. ಇಪ್ಪತ್ತೇಳು ಹಾರ್ಲೆಗಳನ್ನು ಸವೆಸಿದೆನೆಂದು ಆಕೆ ಲೆಕ್ಕ ಹೇಳುತ್ತಿದ್ದಳಂತೆ. 1930 ಮತ್ತು 1940ರ ದಶಕಗಳಲ್ಲಿ ಎಂಟು ಸಲ ಆ ವಿಶಾಲ ದೇಶವನ್ನು ಒಂಟಿಯಾಗಿ ಸುತ್ತಿದಳು. ಎಲ್ಲಿಗೆ ಹೋಗಬೇಕೆಂಬುದನ್ನು ನಿಶ್ಚಯಿಸುವ ಕ್ರಮವೂ ವಿಚಿತ್ರವಾದುದು: ನೆಲದ ಮೇಲೆ ಭೂಪಟವನ್ನು ಹಾಸಿ ಒಂದು ಪುಡಿಗಾಸನ್ನು ಚಿಮ್ಮುವುದು, ಅದು ಬಿದ್ದ ಊರಿಗೆ ಹೊರಡುವುದು!

ಹೀಗೆ ಹೇಳಿದರೆ ಇದೊಂದು ವಿನೋದಯಾತ್ರೆಯಂತೆ ಕೇಳಿಸುತ್ತದೆ. ಆದರೆ ಅಂದಿನ ಅಮೆರಿಕವನ್ನು ಮರೆಯುವಂತಿಲ್ಲ. ದಕ್ಷಿಣದ ಪ್ರಾಂತಗಳಲ್ಲಿ ‘ಜಿಮ್ ಕ್ರೋ’ ಎಂಬ ಅಡ್ಡಹೆಸರಿನ ಕಾನೂನುಗಳು ಜಾರಿಯಲ್ಲಿದ್ದುವು. ಕುಡಿಯುವ ನೀರಿನ ನಲ್ಲಿ ಬೇರೆ, ರೈಲಿನ ಡಬ್ಬಿ ಬೇರೆ, ಶಾಲೆ ಬೇರೆ. ಬಿಳಿಯರ ಹೋಟೆಲಿನಲ್ಲಿ ಕಪ್ಪು ಪ್ರಯಾಣಿಕರಿಗೆ ಕೋಣೆಯಿಲ್ಲ, ಊಟವಿಲ್ಲ. ಕತ್ತಲಾದಮೇಲೆ ಕಪ್ಪು ಮನುಷ್ಯ ಕಣ್ಣಿಗೆ ಬೀಳಕೂಡದೆಂದು ಎಚ್ಚರಿಸುವ ಊರುಗಳೂ ಇದ್ದುವು. ಯಾವ ಊರಿನಲ್ಲಿ ಯಾರ ಮನೆಯಲ್ಲಿ ತಂಗಬಹುದು, ಎಲ್ಲಿ ಅನ್ನ ಸಿಕ್ಕೀತು ಎಂಬುದನ್ನು ತಿಳಿಸಲೆಂದೇ ನ್ಯೂಯಾರ್ಕಿನ ವಿಕ್ಟರ್ ಗ್ರೀನ್ ಎಂಬ ಅಂಚೆ ನೌಕರ 1936ರಿಂದ ಒಂದು ಕೈಪಿಡಿಯನ್ನು ಅಚ್ಚುಹಾಕಿಸತೊಡಗಿದ. ಕಾರಿನಲ್ಲಿ ಹೋಗುವವನಿಗೆ ನಾಲ್ಕು ಬಾಗಿಲುಗಳ ಮರೆಯಾದರೂ ಇರುತ್ತದೆ. ಮೋಟಾರ್ ಸೈಕಲ್ಲಿನ ಮೇಲೆ ಕುಳಿತವನಿಗೆ ಯಾವ ಮರೆಯೂ ಇಲ್ಲ. ಮೈಬಣ್ಣ ಫರ್ಲಾಂಗು ದೂರದಿಂದಲೇ ಕಾಣುತ್ತದೆ. ಅದರಲ್ಲಿಯೂ ಒಂಟಿ ಹೆಂಗಸು!

ಕಪ್ಪು ಜನರ ಮನೆ ಸಿಕ್ಕಿದ ರಾತ್ರಿ ಬೆಸ್ಸಿ ಅಲ್ಲಿ ತಂಗುತ್ತಿದ್ದಳು. ಸಿಕ್ಕದ ರಾತ್ರಿ ಪೆಟ್ರೋಲು ಬಂಕಿನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಕೋಟನ್ನು ಮಡಿಸಿ ಹ್ಯಾಂಡಲಿನ ಮೇಲೆ ದಿಂಬಾಗಿಸಿಕೊಂಡು, ಸೀಟಿನ ಮೇಲೆಯೇ ಒರಗಿ ನಿದ್ರಿಸುತ್ತಿದ್ದಳು. ಒಮ್ಮೆ ಬಿಳಿಯನೊಬ್ಬ ತನ್ನ ಟ್ರಕ್ಕಿನಲ್ಲಿ ಬೆನ್ನಟ್ಟಿ ಬಂದು ಆಕೆಯನ್ನು ರಸ್ತೆಯಿಂದಾಚೆ ಕೆಡವಿದನೆಂದು ಹೇಳಿಕೊಂಡಿದ್ದಾಳೆ. ಇನ್ನೊಮ್ಮೆ ಗಂಡಸಿನಂತೆ ವೇಷ ಹಾಕಿ ಪಂದ್ಯವೊಂದರಲ್ಲಿ ಗೆದ್ದಳು. ಶಿರಸ್ತ್ರಾಣ ತೆಗೆದೊಡನೆ ಬಹುಮಾನ ಕೈತಪ್ಪಿತು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಕಾಗದಪತ್ರಗಳನ್ನು ಮೋಟಾರ್ ಸೈಕಲ್ಲಿನ ಮೇಲೆ ನೆಲೆಯಿಂದ ನೆಲೆಗೆ ಮುಟ್ಟಿಸುವ ಕೆಲಸ ಮಾಡಿದಳು. ಯುದ್ಧಾನಂತರ ಮಯಾಮಿಯಲ್ಲಿ ನೆಲೆಸಿ ದಾದಿಯಾದಳು. ಅಲ್ಲಿಯ ಪೊಲೀಸರು ಕಪ್ಪು ಹೆಂಗಸು ಮೋಟಾರ್ ಸೈಕಲ್ ಓಡಿಸಕೂಡದೆಂದು ತಡೆದಾಗ ನೇರವಾಗಿ ಅವರ ಮೇಲಧಿಕಾರಿಯನ್ನು ಕಂಡಳು. ಆತನ ಕಣ್ಣೆದುರಿಗೇ ತನ್ನ ಚಮತ್ಕಾರಗಳನ್ನೆಲ್ಲ ತೋರಿಸಿದಳು. ಮುಂದೆ ಯಾರೂ ಆಕೆಯನ್ನು ತಡೆಯಲಿಲ್ಲವಂತೆ. ಪತ್ರಿಕೆಗಳು ‘ಮಯಾಮಿಯ ಮೋಟಾರ್ ಸೈಕಲ್ ರಾಣಿ’ ಎಂದು ಕರೆದುವು.

ಚರಿತ್ರೆಯ ಮೇಷ್ಟರಾದುದರಿಂದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಇವುಗಳಲ್ಲಿ ಹೆಚ್ಚಿನವು ಆಕೆಯ ಬಾಯಿಂದಲೇ ಬಂದ ಕಥೆಗಳು. ತಾನು ಹುಟ್ಟಿದುದು ಜಮೈಕಾ ದ್ವೀಪದಲ್ಲಿ ಎಂದು ಹೇಳಿಕೊಳ್ಳುತ್ತಿದ್ದಳು. ಆಕೆ ಉತ್ತರ ಕ್ಯಾರೊಲೈನಾದವಳೆಂಬ ಸಂಗತಿ ಬಹುಕಾಲದ ಮೇಲೆ ಬೆಳಕಿಗೆ ಬಂತು. ಆದರೆ ಇದಕ್ಕಾಗಿ ಆಕೆಯನ್ನು ದೂರುವ ಮೊದಲು ನಾವು ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಬಿಳಿಯ ಸವಾರರ ಪಂದ್ಯ, ದೂರ, ವೇಗ, ಎಲ್ಲವನ್ನೂ ಬರೆದಿಟ್ಟ ಪುಸ್ತಕಗಳಿರುವಾಗ ಈಕೆಯ ಸವಾರಿಗಳನ್ನು ಮಾತ್ರ ಯಾರೂ ಏಕೆ ಬರೆದಿಡಲಿಲ್ಲ?

ಏಕೆಂದರೆ, ಬರೆದಿಡಬೇಕಾಗಿದ್ದವರು ಬಾಗಿಲು ಮುಚ್ಚಿಕೊಂಡಿದ್ದರು. 1924ರಲ್ಲಿ ಸ್ಥಾಪಿತವಾದ ಅಮೆರಿಕದ ಮೋಟಾರ್ ಸೈಕಲ್ ಸವಾರರ ರಾಷ್ಟ್ರೀಯ ಸಂಘವು ಪಂದ್ಯಗಳನ್ನು ನಡೆಸುವ, ದಾಖಲೆಗಳನ್ನು ಇಡುವ ಸಂಸ್ಥೆ. 1950ರ ದಶಕದವರೆಗೂ ಅದರ ಸದಸ್ಯತ್ವ ಬಿಳಿಯರಿಗೆ ಮಾತ್ರ ಮೀಸಲಾಗಿತ್ತು. ಎಂಜಿನ್ನಿಗೆ ಬಣ್ಣದ ಗೊಡವೆಯಿಲ್ಲ. ಪೆಟ್ರೋಲು ಹಾಕಿದ ಯಾರನ್ನಾದರೂ ಅದು ಹೊತ್ತೊಯ್ಯುತ್ತದೆ. ಬಣ್ಣವನ್ನು ಕೇಳಿದುದು ಅರ್ಜಿಯ ಕಾಗದ.

ಬಾಗಿಲು ಮುಚ್ಚಿದಲ್ಲಿ ಜನ ತಮ್ಮದೇ ಮನೆ ಕಟ್ಟಿಕೊಳ್ಳುತ್ತಾರೆ. 1959ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡಿನಲ್ಲಿ ಟೋಬಿ ಜೀನ್ ಲೆವಿಂಗ್‌ಸ್ಟನ್ ಎಂಬಾತ ‘ಈಸ್ಟ್ ಬೇ ಡ್ರ್ಯಾಗನ್ಸ್’ ಎಂಬ ಕಪ್ಪು ಸವಾರರ ಕೂಟವನ್ನು ಆರಂಭಿಸಿದ. ಲೂಯಿಸಿಯಾನದಲ್ಲಿ ಪಾಲಿಗೆ ಹೊಲ ಮಾಡುತ್ತಿದ್ದ ಬಡ ರೈತ ಕುಟುಂಬದಿಂದ ಬಂದವನು ಆತ. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ‘ಚೋಸನ್ ಫ್ಯೂ’ ಎಂಬ ಇನ್ನೊಂದು ಕಪ್ಪು ಕೂಟ ಹುಟ್ಟಿತು. ಇದರ ವಿಶೇಷವೆಂದರೆ, ಮರುವರ್ಷವೇ ಅದು ಬಿಳಿಯನೊಬ್ಬನನ್ನು ಸೇರಿಸಿಕೊಂಡಿತು. ಯಾರನ್ನು ಹೊರಗಿಟ್ಟಿದ್ದರೋ ಅವರೇ ಮೊದಲು ಬಾಗಿಲು ತೆರೆದರು. ಅಮೆರಿಕದ ಹೋಟೆಲುಗಳ ಬಾಗಿಲು ಕಾನೂನಿನ ಬಲದಿಂದ ತೆರೆದುದು 1964ರಲ್ಲಿ ಎಂಬುದನ್ನು ನೆನೆದರೆ ಈ ಔದಾರ್ಯದ ಬೆಲೆ ತಿಳಿಯುತ್ತದೆ.

ಇನ್ನೊಂದು ಬಗೆಯ ಹೊರಗಿಡುವಿಕೆಯೂ ಉಂಟು. ಅದು ಹೆಸರನ್ನು ಅಳಿಸುವುದು. 1969ರಲ್ಲಿ ತೆರೆಕಂಡ ‘ಈಸಿ ರೈಡರ್’ ಎಂಬ ಚಲಚ್ಚಿತ್ರವನ್ನು ನಮ್ಮಲ್ಲಿಯೂ ಕೆಲವರು ನೋಡಿರಬಹುದು. ಮುಂಚಕ್ರವನ್ನು ಬಹುದೂರ ಚಾಚಿ, ಹ್ಯಾಂಡಲನ್ನು ಎತ್ತರಿಸಿ, ಟ್ಯಾಂಕಿನ ಮೇಲೆ ಅಮೆರಿಕದ ಬಾವುಟದ ಚಿತ್ರ ಬರೆದ ಆ ಮೋಟಾರ್ ಸೈಕಲ್ಲು ಜಗತ್ತಿಗೆಲ್ಲ ಸ್ವಾತಂತ್ರ್ಯದ ಸಂಕೇತವಾಯಿತು. ಅದರ ಮೇಲೆ ಕುಳಿತ ನಟರು ಬಿಳಿಯರು. ಅದನ್ನು ರೂಪಿಸಿದವರು ಮಾತ್ರ ಇಬ್ಬರು ಕಪ್ಪು ಕುಶಲಕರ್ಮಿಗಳು: ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ. ಪೊಲೀಸರು ಬಳಸಿ ಹರಾಜು ಹಾಕಿದ ಹಳೆಯ ಹಾರ್ಲೆಗಳನ್ನು ತಂದು, ಬಿಚ್ಚಿ, ಕೊಯ್ದು, ಬೆಸೆದು ಹೊಸ ರೂಪ ಕೊಟ್ಟವರು ಅವರು. ವಾಸ್ ಅದಕ್ಕೆ ಮುನ್ನ ದಕ್ಷಿಣದಲ್ಲಿ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ದುಡಿದವನು. ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳ ಪಟ್ಟಿಯಲ್ಲಿ ಇವರಿಬ್ಬರ ಹೆಸರೂ ಇಲ್ಲ. ಹಾರ್ಡಿ 1994ರಲ್ಲಿ ತೀರಿಕೊಂಡ, ವಾಸ್ 2016ರಲ್ಲಿ. ಆ ಗಾಡಿಗಳ ಹಿಂದಿನ ಕೈಗಳು ಯಾರವು ಎಂಬ ವಿಚಾರ ಲೋಕಕ್ಕೆ ತಲುಪಲು ದಶಕಗಳೇ ಹಿಡಿದುವು.

ಹಾಗಾದರೆ ಬದಲಾವಣೆ ಆಗಿಲ್ಲವೆ? ಆಗಿದೆ. ಒಂದು ಕಾಲಕ್ಕೆ ಕಪ್ಪು ಸವಾರರನ್ನು ಸೇರಿಸಿಕೊಳ್ಳದಿದ್ದ ಆ ರಾಷ್ಟ್ರೀಯ ಸಂಘವೇ 2000ನೆಯ ಇಸವಿಯಲ್ಲಿ ಬೆಸ್ಸಿಯ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. 2002ರಲ್ಲಿ ಕೀರ್ತಿಶಾಲಿಗಳ ಸಾಲಿನಲ್ಲಿ ಆಕೆಯನ್ನು ಸೇರಿಸಿತು. ಆಕೆ ತೀರಿಕೊಂಡು ಆಗ ಒಂಬತ್ತು ವರ್ಷ ಕಳೆದಿತ್ತು. 2014ರಲ್ಲಿ ಆಕೆಯ ಹೆಸರಿನಲ್ಲಿ ಮಹಿಳೆಯರ ದೂರಸವಾರಿಯೊಂದು ಆರಂಭವಾಯಿತು. ಪೆಟ್ರೋಲು ಬಂಕಿನಲ್ಲಿ ಕಂಡ ಹಿರಿಯರ ಗುಂಪಿನಲ್ಲಿಯೂ ಇಬ್ಬರು ಹೆಂಗಸರಿದ್ದರು. ಭಯದಲ್ಲಿ ನಾನು ಅದನ್ನು ಮೊದಲು ಗಮನಿಸಿಯೇ ಇರಲಿಲ್ಲ.

ಆದರೆ ನಿಯಮ ಬದಲಾದಷ್ಟು ಬೇಗ ನೋಟ ಬದಲಾಗುವುದಿಲ್ಲ. ದಕ್ಷಿಣ ಕ್ಯಾರೊಲೈನಾದ ಅಟ್ಲಾಂಟಿಕ್ ಬೀಚ್ ಎಂಬ ಪುಟ್ಟ ಊರು, ಉಳಿದ ಕಡಲತೀರಗಳಲ್ಲಿ ಕಪ್ಪು ಜನರಿಗೆ ಪ್ರವೇಶವಿಲ್ಲದ ಕಾಲದಲ್ಲಿ ಅವರ ಆಶ್ರಯವಾಗಿದ್ದ ಸ್ಥಳ. 1980ರಿಂದ ಅಲ್ಲಿ ಕಪ್ಪು ಸವಾರರ ವಾರ್ಷಿಕ ಮೇಳ ಕೂಡತೊಡಗಿತು. ನೆರೆಯ ಮರ್ಟಲ್ ಬೀಚ್ ನಗರದಲ್ಲಿ ಅದೇ ತಿಂಗಳು ನಡೆಯುತ್ತಿದ್ದ, ಹೆಚ್ಚಾಗಿ ಬಿಳಿಯರೇ ಸೇರುವ ಮೇಳಕ್ಕೆ ಇಲ್ಲದ ಸಂಚಾರ ನಿರ್ಬಂಧ ಈ ಮೇಳಕ್ಕೆ ಮಾತ್ರ ಬಂತು. ಕಪ್ಪು ಜನರ ಹಕ್ಕುಗಳ ಸಂಸ್ಥೆ 2003ರಲ್ಲಿ ನ್ಯಾಯಾಲಯಕ್ಕೆ ಹೋಯಿತು. 2006ರಲ್ಲಿ ನಗರ ರಾಜಿಗೆ ಬಂತು. ಆದರೂ ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. 2020ರಲ್ಲಿ ಮತ್ತೊಂದು ದಾವೆಯ ತೀರ್ಪು ಬಂದಾಗ, ಆ ಊರಿನ ಸಂಚಾರ ಏರ್ಪಾಡಿನ ಹಿಂದೆ ಜನಾಂಗದ ಭಾವನೆಯೂ ಒಂದು ಕಾರಣವಾಗಿತ್ತು, ಆದರೆ ಅದಿಲ್ಲದಿದ್ದರೂ ನಗರ ಹಾಗೆಯೇ ಮಾಡುತ್ತಿತ್ತು ಎಂದು ಪಂಚರು ಹೇಳಿದರು. ಈ ತೀರ್ಪನ್ನು ಓದಿದಾಗ ನನ್ನ ಕಾರಿನ ಗಾಜು ನೆನಪಿಗೆ ಬಂತು. ಆ ಕಪ್ಪು ಸವಾರರ ಬದಲು ಬಿಳಿಯರು ಬಂದಿದ್ದರೂ ಗಾಜನ್ನು ಏರಿಸುತ್ತಿದ್ದೆನೆಂದು ನಾನೂ ವಾದಿಸಬಹುದಾಗಿತ್ತು. ಆದರೆ ನನ್ನ ಕೈಗೆ ನಿಜ ಗೊತ್ತಿತ್ತು.

ಇಷ್ಟನ್ನು ಓದುವಾಗಲೆಲ್ಲ ಇನ್ನೊಂದು ಮುಖ ನಡುನಡುವೆ ಬಂದು ನಿಲ್ಲುತ್ತಿತ್ತು. ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲಿಯೇ ಕೂರುತ್ತಿದ್ದ ಗೆಳೆಯ, ಊರಾಚೆಯ ಕೇರಿಯವನು. ಅವನ ತಂದೆ ಸಾಲ ಮಾಡಿ ಒಂದು ಹಳೆಯ ಬೈಸಿಕಲ್ಲು ಕೊಡಿಸಿದ್ದ. ಶಾಲೆಯಿಂದ ಇಬ್ಬರೂ ಕೂಡಿಯೇ ಬರುತ್ತಿದ್ದೆವು. ನಮ್ಮ ಬೀದಿಯ ಮೂಲೆಯಲ್ಲಿ ಅವನು ಇಳಿಯುವನು. ಬೀದಿ ಮುಗಿಯುವವರೆಗೆ ಸೈಕಲ್ಲನ್ನು ತಳ್ಳಿಕೊಂಡು ನಡೆಯುವನು. ಆಚೆಯ ತುದಿಯಲ್ಲಿ ಮತ್ತೆ ಹತ್ತುವನು. ನಾನು ಹತ್ತಿಕೊಂಡೇ ಮನೆಯ ಬಾಗಿಲಿಗೆ ಹೋಗುತ್ತಿದ್ದೆ. ಮುಂದೆ ಅದೇ ಬೀದಿಯಲ್ಲಿ ನನ್ನ ಜಾವಾ ಓಡಾಡಿತು. ಅವನು ಏಕೆ ಇಳಿಯುತ್ತಾನೆಂದು ನಾನು ಒಂದು ದಿನವೂ ಕೇಳಲಿಲ್ಲ. ಗೊತ್ತಿಲ್ಲವೆಂದಲ್ಲ, ಗೊತ್ತಿದ್ದುದರಿಂದಲೇ ಕೇಳಲಿಲ್ಲ.

ಊರಿಗೆ ಹಿಂದಿರುಗಿದ ಮೇಲೆ ಅವನನ್ನು ಹುಡುಕಿಕೊಂಡು ಹೋದೆ. ಜಗಲಿಯ ಮೇಲೆ ಕುಳ್ಳಿರಿಸಿ ಎಳನೀರು ಕೊಟ್ಟನು. ಬೆಸ್ಸಿಯ ಕಥೆಯನ್ನು ಹೇಳಿದೆ. ಕೊನೆಗೆ ಸೈಕಲ್ಲಿನ ಮಾತನ್ನೂ ಎತ್ತಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಈಗ ಯಾರೂ ಇಳಿ ಅನ್ನೋದಿಲ್ಲ, ಮೇಷ್ಟ್ರೇ. ನನ್ನ ಮೊಮ್ಮಗಳು ದಿನಾ ಆ ಬೀದಿಯಲ್ಲೇ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗಿಬರ್ತಾಳೆ. ಅವಳ ಹಿಂದೆ ಕೂತಾಗ ನನಗೇ ಆ ಮೂಲೆ ಬಂದಾಗ ಕಾಲು ಕೆಳಗಿಡೋಣ ಅನ್ನಿಸ್ತದೆ. ‘ತಾತ, ಅಲುಗಾಡಬೇಡ’ ಅಂತ ಗದರಿಸ್ತಾಳೆ” ಎಂದು ನಕ್ಕನು. ಬಳಿಕ, “ತಾವು ಬಂದು ಕೇಳಿದಿರಲ್ಲ, ಸಂತೋಷ” ಎಂದನು.

ಮನೆಗೆ ಬರುವಾಗ ದಾರಿಯಲ್ಲಿ ಹೊಳೆಯಿತು. ಒಂದೇ ಬೆಂಚಿನಲ್ಲಿ ಕುಳಿತು ಓದಿದ ಅವನು ನನ್ನನ್ನು ‘ತಾವು’ ಎಂದಿದ್ದನು. ನಾನು ಮಾತ್ರ ಅಷ್ಟು ಹೊತ್ತೂ ಅವನನ್ನು ‘ನೀನು’ ಎಂದೇ ಮಾತನಾಡಿಸಿದ್ದೆ.