ಬಯಲುಸೀಮೆಯ ಸ್ವಾವಲಂಬನೆ: ಚಳ್ಳಕೆರೆಯ ಒಂದು ಲೆಕ್ಕ

ಹೊರಗಿನಿಂದ ಲಾರಿ ಬರುವುದು ನಿಂತು, ವಿದ್ಯುತ್ತಿನ ತಂತಿಯೂ ಸತ್ತುಹೋದರೆ, ಒಂದು ಸೀಮೆಯ ಜನರು ಎಷ್ಟು ಕಾಲ ತಮ್ಮ ಕಾಲ ಮೇಲೆ ತಾವು ನಿಂತಾರು? ಕಾವೇರಿಯ ನಾಲೆಗಳ ಬಯಲಿನಲ್ಲಿ ನಿಂತು ಕೇಳಿದರೆ ಈ ಪ್ರಶ್ನೆ ಅಷ್ಟೇನೂ ಕಾಡುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಂತಹ ಒಣಸೀಮೆಯಲ್ಲಿ ಅದು ಜೀವನ್ಮರಣದ ಪ್ರಶ್ನೆ. ಉತ್ತರವನ್ನು ಹುಡುಕಲು ಪ್ರೌಢಶಾಲೆಯ ಭೌತವಿಜ್ಞಾನವೂ ಗುಣಾಕಾರ ಭಾಗಾಕಾರಗಳೂ ಬಹುಮಟ್ಟಿಗೆ ಸಾಕು. ವಾಚಕರು ಕಾಗದ, ಸೀಸದಕಡ್ಡಿಗಳನ್ನು ಬಳಿಯಲ್ಲಿಟ್ಟುಕೊಂಡರೆ ಒಳ್ಳೆಯದು.

ಪಶ್ಚಿಮಘಟ್ಟಗಳು ಮುಂಗಾರಿನ ಮೋಡಗಳನ್ನು ಹಿಂಡಿಕೊಂಡ ಬಳಿಕ ಉಳಿಯುವ ಗಾಳಿ ಈ ಸೀಮೆಯ ಪಾಲಿಗೆ ಬರುತ್ತದೆ. ವರ್ಷದ ಸರಾಸರಿ ಮಳೆ 500 ಮಿಲಿಮೀಟರಿನ ಆಸುಪಾಸು. ಅದರ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಆದರೆ ಮಳೆಯೊಂದರಿಂದಲೇ ಶುಷ್ಕತೆಯನ್ನು ಅಳೆಯಲಾಗದು. ಬಂದ ನೀರನ್ನು ಸೂರ್ಯನು ಎಷ್ಟರಮಟ್ಟಿಗೆ ಹಿಂದಕ್ಕೆ ಪಡೆಯುತ್ತಾನೆಂಬುದನ್ನೂ ನೋಡಬೇಕು. ಇಲ್ಲಿ ಒಂದು ಚದರ ಮೀಟರು ನೆಲದ ಮೇಲೆ ದಿನವೊಂದಕ್ಕೆ ಸರಾಸರಿ 5.5 ಕಿಲೋವ್ಯಾಟ್ ಗಂಟೆಯಷ್ಟು, ಎಂದರೆ ಸುಮಾರು 2 ಕೋಟಿ ಜೂಲುಗಳಷ್ಟು ಸೌರಶಕ್ತಿ ಬೀಳುತ್ತದೆ. ಒಂದು ಕಿಲೋಗ್ರಾಮು ನೀರು ಆವಿಯಾಗಲು ಬೇಕಾದ ಗುಪ್ತೋಷ್ಣ ಸುಮಾರು 24.5 ಲಕ್ಷ ಜೂಲು. ಶಕ್ತಿಯೆಲ್ಲ ಇದಕ್ಕೇ ವಿನಿಯೋಗವಾದರೆ ದಿನಕ್ಕೆ 8 ಮಿಲಿಮೀಟರು ನೀರು ಹಾರಿಹೋಗಬೇಕು. ನೆಲ ಕಾಯುವುದಕ್ಕೂ ಆಕಾಶಕ್ಕೆ ಮರಳುವುದಕ್ಕೂ ಅರ್ಧವನ್ನು ಕಳೆದರೂ 4 ಮಿಲಿಮೀಟರು ಉಳಿಯಿತು. ವರ್ಷಕ್ಕೆ ಸುಮಾರು 1,500. ಬರುವ ಮಳೆ ಒಂದು ಪಾಲು, ಸೂರ್ಯನ ಬೇಡಿಕೆ ಮೂರು ಪಾಲು! ಮಳೆಯನ್ನು ಈ ಬೇಡಿಕೆಯಿಂದ ಭಾಗಿಸಿದಾಗ ಬರುವ ಸಂಖ್ಯೆ 0.2ರಿಂದ 0.5ರ ನಡುವೆ ಇದ್ದರೆ ಅಂತಹ ಪ್ರದೇಶವನ್ನು ಅರೆಶುಷ್ಕವೆನ್ನುತ್ತಾರೆ. ನಮ್ಮ ಸಂಖ್ಯೆ 0.33. ಎರಡು ಮೀಟರು ಆಳದ ಕೆರೆ ತುಂಬಿದರೂ, ಯಾರೊಬ್ಬರೂ ಒಂದು ಕೊಡ ಎತ್ತದಿದ್ದರೂ, ವರ್ಷದೊಳಗೆ ಅದರ ಮುಕ್ಕಾಲು ಆವಿಯಾಗುವುದೇಕೆಂಬುದು ಈಗ ತಿಳಿಯುತ್ತದೆ.

ಸರಾಸರಿಯೂ ಒಂದು ಮಾಯೆಯೇ. ಪಕ್ಕದ ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ 1907ರಲ್ಲಿ ಮುಗಿಯಿತು. ಅದು 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಆದುದರಿಂದ ಲೆಕ್ಕವನ್ನು ಒಳ್ಳೆಯ ವರ್ಷಕ್ಕಲ್ಲ, ಕೆಟ್ಟ ವರ್ಷಕ್ಕೆ ಹಾಕಬೇಕು.

ಐದು ಜನರ ಒಂದು ಸಂಸಾರವನ್ನು ತೆಗೆದುಕೊಳ್ಳೋಣ. ಕುಡಿಯಲು, ಅಡಿಗೆಗೆ ಒಬ್ಬರಿಗೆ 10 ಲೀಟರು. ದಿನಕ್ಕೆ 50, ವರ್ಷಕ್ಕೆ 18,250 ಲೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. 50 ಚದರ ಮೀಟರಿನ ಮಾಳಿಗೆಯ ಮೇಲೆ ಸಾಧಾರಣ ವರ್ಷದಲ್ಲಿ 25,000 ಲೀಟರು ಬೀಳುತ್ತದೆ. ಐದರಲ್ಲೊಂದು ಪಾಲು ಪೋಲಾದರೂ 20,000 ಕೈಗೆ ಸಿಗುತ್ತದೆ. ಮಳೆ 300 ಮಿಲಿಮೀಟರಿಗೆ ಇಳಿದ ವರ್ಷ ಸಿಗುವುದು 12,000 ಲೀಟರು, ಅಂದರೆ 240 ದಿನಗಳ ನೀರು. ಡಿಸೆಂಬರಿನಿಂದ ಮೇ ತಿಂಗಳವರೆಗಿನ ಒಣ ಆರು ತಿಂಗಳಿಗೆ 9,000 ಲೀಟರಿನ ಸಂಗ್ರಹ ಬೇಕು. ಮೂರು ಮೀಟರು ಉದ್ದ, ಮೂರು ಮೀಟರು ಅಗಲ, ಒಂದು ಮೀಟರು ಆಳದ ತೊಟ್ಟಿ ಇಷ್ಟನ್ನು ಹಿಡಿಯುತ್ತದೆ. ಮೇಲೆ ಮುಚ್ಚಳವಿರಲೇಬೇಕು, ಬಿಸಿಲಿಗೂ ಪಾಚಿಗೂ ಸೊಳ್ಳೆಗೂ ಅದೊಂದೇ ಮದ್ದು.

"ಕೊಳವೆಬಾವಿ ಇದೆಯಲ್ಲ?" ಎಂದು ಕೇಳುವವರುಂಟು. ಸ್ವಾವಲಂಬನೆಯ ಗುಟ್ಟು ಅಡಗಿರುವುದೇ ಇಲ್ಲಿ. ಸಾವಿರ ಲೀಟರು ನೀರನ್ನು 10 ಮೀಟರು ಆಳದ ತೆರೆದ ಬಾವಿಯಿಂದ ಎತ್ತಲು 98,000 ಜೂಲು ಕೆಲಸ ಆಗಬೇಕು. ಗಟ್ಟಿಮುಟ್ಟಾದ ಆಳು ಬಹಳ ಹೊತ್ತು ಮಾಡಬಲ್ಲ ಕೆಲಸದ ದರ ಸುಮಾರು 75 ವ್ಯಾಟು. ಘರ್ಷಣೆಯನ್ನು ಬಿಟ್ಟರೆ ಇದು ಅವನಿಗೆ 22 ನಿಮಿಷದ ಕೆಲಸ. ಅದೇ ನೀರು 200 ಮೀಟರು ಆಳದಲ್ಲಿದ್ದರೆ, ಈಗ ಈ ಆಳ ಅಪರೂಪವೇನಲ್ಲ, ಏಳೂಕಾಲು ಗಂಟೆಯ ಕೆಲಸ. ಅದೂ ಕಾಗದದ ಮೇಲೆ ಮಾತ್ರ. ಅಂಗೈಯಗಲದ ಕೊಳವೆಯೊಳಗೆ ಬಿಂದಿಗೆ ಇಳಿಯುವುದಿಲ್ಲ. ಹೀರುವ ಪಂಪು ವಾಯುಭಾರವು ತಳ್ಳಬಲ್ಲ 10.3 ಮೀಟರಿಗಿಂತ ಹೆಚ್ಚು ಎತ್ತಲಾರದು. ಊರೂರಿನ ಕೈಪಂಪು ತನ್ನ ಕೊಂತವನ್ನು ನೀರಿನೊಳಗೇ ಇಟ್ಟುಕೊಂಡಿರುವುದರಿಂದ ಸುಮಾರು 45 ಮೀಟರಿನವರೆಗೆ ದುಡಿಯುತ್ತದೆ. ಅದಕ್ಕಿಂತ ಕೆಳಗಿನ ನೀರು ವಿದ್ಯುತ್ತು ನಿಂತ ಕ್ಷಣವೇ ಇಲ್ಲದಂತೆ.

ಆ ಆಳದ ನೀರಿಗೆ ಇನ್ನೊಂದು ದೋಷವೂ ಇದೆ. ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಅದು ಕುಡಿಯಲು ತಕ್ಕುದಲ್ಲ. ಹಲ್ಲಿನಲ್ಲಿ ಕಂದು ಕಲೆ, ಮುಂದೆ ಮೂಳೆಗಳ ಬಿಗಿತ. ಕುದಿಸಿದರೆ ಸರಿಹೋಗುವುದೆಂಬ ನಂಬಿಕೆ ತಪ್ಪು. ಆವಿಯಾಗುವುದು ನೀರು, ಫ್ಲೋರೈಡಲ್ಲ. ಉಳಿದ ನೀರಿನಲ್ಲಿ ಅದರ ಸಾರತೆ ಇನ್ನಷ್ಟು ಹೆಚ್ಚುತ್ತದೆ. ಮಾಳಿಗೆಯ ಮಳೆನೀರಿಗೆ ಈ ಕಾಟವಿಲ್ಲ.

ವಿದ್ಯುತ್ತನ್ನು ಬಿಸಿಲಿನಿಂದಲೇ ಪಡೆಯಬಹುದಲ್ಲವೆ? ನೆರೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೌರವಿದ್ಯುತ್ ಕ್ಷೇತ್ರವೇ ಇದೆ. ಎರಡು ಚದರ ಮೀಟರಿನ ಫಲಕ ದಿನಕ್ಕೆ ಸುಮಾರು 2 ಕಿಲೋವ್ಯಾಟ್ ಗಂಟೆ ಕೊಡುತ್ತದೆ. ಮೇಲೆ ಹೇಳಿದ ಸಾವಿರ ಲೀಟರನ್ನು 200 ಮೀಟರಿನಿಂದ ಎತ್ತಲು, ಪಂಪಿನ ನಷ್ಟವನ್ನು ಸೇರಿಸಿದರೂ ಸಾಕು. ಆದರೆ ಸರ್ಕಾರಿ ತಂತಿಜಾಲಕ್ಕೆ ಜೋಡಿಸಿದ ಸಾಮಾನ್ಯ ಮಾಳಿಗೆಯ ಫಲಕಗಳು ಜಾಲದಲ್ಲಿ ವಿದ್ಯುತ್ತು ಹೋದೊಡನೆ ತಾವೂ ನಿಲ್ಲುತ್ತವೆ. ಕಂಬದ ಮೇಲೆ ದುರಸ್ತಿ ಮಾಡುವವನ ಪ್ರಾಣರಕ್ಷಣೆಗಾಗಿ ಹಾಗೆ ಮಾಡಿರುತ್ತಾರೆ. ಆಪತ್ತಿಗೆ ಒದಗುವುದು ಪ್ರತ್ಯೇಕ ಬ್ಯಾಟರಿಯುಳ್ಳ ಅಥವಾ ನೇರವಾಗಿ ಪಂಪಿಗೇ ಜೋಡಿಸಿದ ಫಲಕ ಮಾತ್ರ.

ಇನ್ನು ಅನ್ನ. ಐವರಿಗೆ ದಿನಕ್ಕೆ 11,000 ಕಿಲೋಕ್ಯಾಲೊರಿ. ಮೂರರಲ್ಲೆರಡು ಪಾಲು ರಾಗಿಯಿಂದ ಬರಲಿ. 100 ಗ್ರಾಮು ರಾಗಿಯಲ್ಲಿ ಸುಮಾರು 330 ಕಿಲೋಕ್ಯಾಲೊರಿ ಇದೆ. ದಿನಕ್ಕೆ 2.2 ಕಿಲೋಗ್ರಾಮು, ವರ್ಷಕ್ಕೆ 8 ಕ್ವಿಂಟಾಲು. ಮಳೆಯಾಶ್ರಯದ ಹೊಲ ಎಕರೆಗೆ 4 ಕ್ವಿಂಟಾಲು ಕೊಟ್ಟರೆ ಎರಡು ಎಕರೆ ಬೇಕು; ಬೆಳೆ ಅರ್ಧಕ್ಕಿಳಿದರೆ ನಾಲ್ಕು, ಇಲ್ಲವೆ ಹಿಂದಿನ ವರ್ಷದ ದಾಸ್ತಾನು. ಚಳ್ಳಕೆರೆ ಕಡಲೆಕಾಯಿಗೂ ಎಣ್ಣೆ ಗಿರಣಿಗಳಿಗೂ ಹೆಸರಾದ ಊರು. ಹೊಲದ ತುಂಬ ಕಡಲೆಕಾಯಿಯೇ ಇದ್ದರೆ ಕೈಯಲ್ಲಿ ಹಣವಿದ್ದೀತು, ಕಣಜದಲ್ಲಿ ಕಾಳು ಇರದು. ರಾಗಿಗೆ ಹುಳು ಬೀಳುವುದು ಕಡಿಮೆ. ನಮ್ಮ ಹಿರಿಯರು ಅದನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಬಾಯಿ ಮುಚ್ಚಿದ ಹಗೇವಿನಲ್ಲಿ ಕಾಳೇ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತದೆ. ಇಂಗಾಲದ ಡೈಆಕ್ಸೈಡು ತುಂಬಿ ಕೀಟ ಸಾಯುತ್ತದೆ. ತೆರೆದ ಕೂಡಲೇ ಇಳಿದರೆ ಮನುಷ್ಯನಿಗೂ ಅದೇ ಗತಿ. ಇಳಿಬಿಟ್ಟ ದೀಪ ನಂದಿದರೆ ಒಳಗೆ ಇಳಿಯಲೇಬಾರದು. ಉರಿಯಿತೆಂದು ಆತುರಪಡುವುದೂ ತರವಲ್ಲ. ಬಹಳ ಹೊತ್ತು ಗಾಳಿಯಾಡಬೇಕು.

ಈ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ದನ. ಒಂದು ಜೊತೆ ಎತ್ತು ದಿನಕ್ಕೆ ಸುಮಾರು 80 ಲೀಟರು ಕುಡಿಯುತ್ತವೆ. ಮನೆಮಂದಿಯ ಕುಡಿಯುವ ನೀರು, ಅಡಿಗೆಯ ನೀರು ಎರಡಕ್ಕಿಂತಲೂ ಇದು ಹೆಚ್ಚು. ಮಾಳಿಗೆಯ ತೊಟ್ಟಿ ಇದನ್ನು ಪೂರೈಸಲಾರದು; ಊರಿನ ಕೆರೆಕಟ್ಟೆಗಳೇ ಪೂರೈಸಬೇಕು. ನೀರಿನ ಮಟ್ಟಿಗೆ ಒಂಟಿ ಮನೆಯ ಸ್ವಾವಲಂಬನೆ ಕೊಟ್ಟಿಗೆಯ ಬಾಗಿಲಿಗೇ ಮುಗಿಯುತ್ತದೆಂದು ನನ್ನ ಎಣಿಕೆ. ಕುರಿಗಾಹಿಗಳು ಇದನ್ನು ಅರಿತೇ ಬೇಸಗೆಯಲ್ಲಿ ಮಂದೆಯನ್ನು ದೂರದ ಸೀಮೆಗಳಿಗೆ ನಡೆಸಿಕೊಂಡು ಹೋಗುತ್ತಾರೆ. 1876–78ರ ಕ್ಷಾಮದ ಹಿಂದುಮುಂದಿನ ಜನಗಣತಿಗಳನ್ನು ನೋಡಿದರೆ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷವಿದ್ದದ್ದು 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಕ್ಷಾಮ ಬಿದ್ದಾಗ ಮದರಾಸಿನ ಕಡೆಯಿಂದ ಬರುವ ರೈಲು ಬೆಂಗಳೂರಿನವರೆಗೆ ಮಾತ್ರವಿತ್ತು. ಅಲ್ಲಿಂದ ಚಳ್ಳಕೆರೆಗೆ ಸುಮಾರು 200 ಕಿಲೋಮೀಟರು. ಕಾಳನ್ನು ಹೊತ್ತು ತರಬೇಕಾದದ್ದು ಎತ್ತಿನ ಗಾಡಿ, ಆ ಎತ್ತಿಗೆ ದಾರಿಯುದ್ದಕ್ಕೂ ಬೇಕಾದದ್ದು ನೀರು ಮತ್ತು ಮೇವು.