ಕೂಣಿ, ಮರಸು, ಸೋವು... ಮತ್ತು ಮ್ಯಾಂಡುರಾದ ಏಡಿ



ಪರ್ತ್‌ನಲ್ಲಿರುವ ನಮಗೆ ಬೇಸಿಗೆ ಬಂತೆಂದರೆ ಏಡಿ ಹಿಡಿಯುವ ಸಂಭ್ರಮ. ಊರಿಂದ ದಕ್ಷಿಣಕ್ಕೆ ಸುಮಾರು 70 ಕಿಲೋಮೀಟರ್ ಹೋದರೆ ಮ್ಯಾಂಡುರಾ. ಅಲ್ಲಿಯ ಹಿನ್ನೀರಿನಲ್ಲಿ ಮೊಣಕಾಲುದ್ದ ನೀರಿಗಿಳಿದು, ಸೊಂಟಕ್ಕೆ ಒಂದು ಪ್ಲಾಸ್ಟಿಕ್ ಟಬ್ ಕಟ್ಟಿಕೊಂಡು, ಉದ್ದ ಹಿಡಿಯ ಸ್ಕೂಪ್ ನೆಟ್‌ನಿಂದ ನೀಲಿ ಏಡಿಗಳನ್ನು ಬಾಚುವುದು. ಸಸ್ಯಾಹಾರಿಗಳು ದಯವಿಟ್ಟು ಕ್ಷಮಿಸಬೇಕು, ಈ ಸಲದ ಲೇಖನ ಸ್ವಲ್ಪ ಮೀನಿನ ವಾಸನೆಯದು!

ಕಳೆದ ವರ್ಷ ಜನವರಿಯಲ್ಲಿ ಅಪ್ಪ ತೀರ್ಥಹಳ್ಳಿಯಿಂದ ಬಂದಿದ್ದರು. ಎಂಬತ್ತು ದಾಟಿದೆ, ಆದರೂ ಪಂಚೆ ಎತ್ತಿ ಕಟ್ಟಿ ನಮಗಿಂತ ಮೊದಲೇ ನೀರಿಗಿಳಿದರು. ನನ್ನ ಮಗ ಬಲೆ ತೋರಿಸಿ, "ಅಜ್ಜ, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಅಂದ. ನಾನು "ಬಲೆ" ಅಂದೆ. ಅಪ್ಪ ನಕ್ಕುಬಿಟ್ಟರು. "ಎಲ್ಲದಕ್ಕೂ ಬಲೆ ಅಂದ್ರೆ ಹ್ಯಾಂಗೋ ಮಾರಾಯಾ? ಬೀಸೋದು ಬೀಸುಬಲೆ. ಇಡೋದು ಕೂಣಿ. ಹಕ್ಕಿಗೆ ಕಣ್ಣಿ, ಹಂದಿಗೆ ಉರುಳು, ಹುಲಿಗೆ ಬೋನು" ಎಂದು ಶುರುಮಾಡಿದವರು ಮನೆ ತಲುಪುವವರೆಗೂ ನಿಲ್ಲಿಸಲಿಲ್ಲ.

ಕೂಣಿಯನ್ನು ನೋಡದವರಿಗಾಗಿ ಹೇಳುತ್ತೇನೆ. ಅದು ಬಿದಿರ ಕಡ್ಡಿಗಳಿಂದ ಹೆಣೆದ ಉದ್ದನೆಯ ಬುಟ್ಟಿ. ಬಾಯಿ ಅಗಲ, ಬಾಲ ಕಿರಿದು. ಬಾಯೊಳಗೆ ಇನ್ನೊಂದು ಬಾಯಿ: ಚೂಪಾದ ಕಡ್ಡಿಗಳು ಒಳಮುಖವಾಗಿ ಕೂಡಿಕೊಂಡು ಬರುತ್ತವೆ. ಮೀನು ಸಲೀಸಾಗಿ ಒಳಗೆ ನುಗ್ಗುತ್ತದೆ, ವಾಪಸು ಬರಲು ಹೋದರೆ ಚುಚ್ಚುತ್ತದೆ. ಮಳೆಗಾಲದಲ್ಲಿ ಗದ್ದೆಯಂಚಿನ ಕಂಡಿಗೆ ಇದನ್ನಿಟ್ಟು ಬಂದರೆ ಬೆಳಿಗ್ಗೆ ಸಾರಿಗಾಯಿತು. ಜೂನ್‌ನ ಮೊದಲ ಜೋರು ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಹತ್ತುತ್ತವಲ್ಲ, ಅದು ‘ಹತ್ತುಮೀನು’. ರಾತ್ರಿ ದೊಂದಿ ಬೆಳಕಿನಲ್ಲಿ ಕತ್ತಿ ಹಿಡಿದು ಹೋಗುವುದಕ್ಕೆ ಮೀನು ‘ಕಡಿಯುವುದು’ ಎಂದೇ ಹೆಸರು.

ಮ್ಯಾಂಡುರಾದ ಪಕ್ಕದ ಸರ್ಪೆಂಟೈನ್ ನದಿಗೆ ಇಲ್ಲಿಯ ಮೂಲನಿವಾಸಿಗಳಾದ ನೂಂಗಾರ್ ಜನ ಹಿಂದೆ ಗೂಟ, ಟೊಂಗೆಗಳಿಂದ ಬೇಲಿ ಕಟ್ಟಿ, ನಡುವೆ ಕಂಡಿ ಬಿಟ್ಟು ಮೀನು ಹಿಡಿಯುತ್ತಿದ್ದರು. ಅದಕ್ಕೆ ‘ಮುಂಗಾ’ ಎಂದು ಹೆಸರು. ಅಪ್ಪನಿಗೆ ಹೇಳಿದೆ. "ನಮ್ಮ ಗದ್ದೆ ಕಂಡಿಯದೇ ಉಪಾಯ, ಸ್ವಲ್ಪ ದೊಡ್ಡದು" ಎಂದರು, ಪರಿಚಯದವರ ಸುದ್ದಿ ಕೇಳಿದಂತೆ.

ಬ್ರಿಸ್ಬೇನ್‌ನಲ್ಲಿರುವ ಉಡುಪಿ ಕಡೆಯ ಗೆಳೆಯರಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವರು ಮೊರ್ಟನ್ ಕೊಲ್ಲಿಯಲ್ಲಿ ಕೆಸರೇಡಿ ಹಿಡಿಯುವವರು. ಅವರ ಕ್ರ್ಯಾಬ್ ಪಾಟ್ ಇದೆಯಲ್ಲ, ಅದು ಸಾಕ್ಷಾತ್ ಕೂಣಿಯೇ! ಅದೇ ಕಿರಿದಾಗುತ್ತಾ ಹೋಗುವ ಬಾಯಿ. ಬಿದಿರಿನ ಬದಲು ತಂತಿ, ನೈಲಾನ್. ಒಂದೇ ವ್ಯತ್ಯಾಸ, ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪಾಟ್‌ಗೆ ನಿಮ್ಮ ಹೆಸರು, ವಿಳಾಸದ ಚೀಟಿ ಕಟ್ಟಿರಬೇಕು. ನಮ್ಮೂರಲ್ಲಿ ಯಾವ ಕೂಣಿ ಯಾರದೆಂದು ಹೆಣಿಗೆ ನೋಡಿಯೇ ಹೇಳುತ್ತಿದ್ದರಂತೆ. ಅಂದ ಹಾಗೆ, ಅಲ್ಲಿಯ ಸರ್ಕಾರಿ ನಿಯಮಗಳಲ್ಲಿ ಪಾಟ್ ಜೊತೆ ‘ಡಿಲ್ಲಿ’ ಎಂಬ ಇನ್ನೊಂದು ಸಾಧನದ ಹೆಸರೂ ಬರುತ್ತದೆ. ಆ ಮಾತು ಬಂದದ್ದು ಬ್ರಿಸ್ಬೇನ್ ಸುತ್ತಿನ ಯಗರ ಭಾಷೆಯಿಂದ. ಅಲ್ಲಿ ಅದು ಹೆಣೆದ ಚೀಲದ ಹೆಸರು. ಮನೆಮಾತೊಂದು ಕಾನೂನಿನ ಪುಸ್ತಕದೊಳಗೆ ಸೇರಿ ಬದುಕಿಕೊಂಡಿದೆ!

ಗೆಳೆಯರ ಮನೆಯಲ್ಲಿ ಏಡಿಗೆ ತುಳುವಿನಲ್ಲಿ ‘ಡೆಂಜಿ’. ಅವರಿಗೆ ನೆನಪಾದದ್ದು ರಂಪಣಿ. ದೋಣಿಯಲ್ಲಿ ಬಲೆ ಸುತ್ತು ಹಾಕಿ ಬಂದ ಮೇಲೆ ಎರಡೂ ತುದಿಯನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುವುದು, ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿಯ ಕಾಲ ಮುಗಿಯಿತು. ಉಳಿದದ್ದು ಸಣ್ಣ ಕೈರಂಪಣಿ.

ಅಡಿಲೇಡ್‌ನ ಪರಿಚಿತರೊಬ್ಬರು ಚಳ್ಳಕೆರೆಯವರು, ಹೊಳೆ ಕಡಲು ನೋಡದೆ ಬೆಳೆದವರು. ಅಲ್ಲಿಯ ಉತ್ತರಕ್ಕಿರುವ ಪೋರ್ಟ್ ಪ್ಯಾರಮ್‌ನಲ್ಲಿ ನೀರು ಇಳಿದಾಗ ಹಲ್ಲಿನ ಕೋಲಿನಿಂದ ಮರಳು ಕೆದಕಿ ಏಡಿ ಎತ್ತುತ್ತಾರೆ. ಇವರು ಅದಕ್ಕೆ ‘ಹಲುಬೆ’ ಎಂದು ಹೆಸರಿಟ್ಟಿದ್ದಾರೆ, ಹೊಲದ ಹಲುಬೆ! ಅವರ ತಾತ ಕುದುರೆ ಬಾಲದ ಕೂದಲು ಹೊಸೆದು ಗೌಜಲ ಹಕ್ಕಿಗೆ ಕಣ್ಣಿ ಒಡ್ಡುತ್ತಿದ್ದರಂತೆ.

ಇನ್ನು ಕೊಡಗಿನವರೊಬ್ಬರು ನಮ್ಮ ಮಾತಿನ ನಡುವೆ "ನಮ್ಮಲ್ಲಿ ನರಿ ಹೊಡೆದವನಿಗೆ ಮದುವೆ ಥರ ಮೆರವಣಿಗೆ, ನರಿ ಮಂಗಲ ಅಂತ" ಎಂದಾಗ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಆಮೇಲೆ ತಿಳಿಯಿತು, ಕೊಡವ ತಕ್ಕ್‌ನಲ್ಲಿ ನರಿ ಎಂದರೆ ಹುಲಿ!

ಏಡಿಯ ಮಾತುಗಳಿಗೆ ಇಲ್ಲಿ ಕೆಲಸ ಸಿಕ್ಕಿತು. ಬೇಟೆಯ ಮಾತುಗಳಿಗೆ ಸಿಗಲಿಲ್ಲ. ಹಣ್ಣು ಬಿಡುವ ಮರದ ಹತ್ತಿರ ರಾತ್ರಿ ಅಡಗಿ ಕೂರುವುದು ‘ಮರಸು’. ಹಳುವಿನಲ್ಲಿ ಗದ್ದಲವೆಬ್ಬಿಸಿ ಪ್ರಾಣಿಗಳನ್ನು ಅಟ್ಟುವುದು ‘ಸೋವು’. ಕೋವಿಯವನು ಕಾದು ನಿಲ್ಲುವ ಜಾಗ ‘ಬಿಲ್ಲು’, ಬಿಲ್ಲೇ ಇಲ್ಲದ ಬಿಲ್ಲು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಓದಿದವರಿಗೆ ಆ ಲೋಕದ ಪರಿಚಯ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅದಕ್ಕೆಲ್ಲ ಕಾನೂನಿನ ತಡೆ. ಕಾಡಿನ ದೃಷ್ಟಿಯಿಂದ ಅದೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅಪ್ಪನಿಗೂ ಇರಲಿಲ್ಲ. ಅಂದು ಟಬ್‌ನಲ್ಲಿದ್ದ ಏಡಿಗಳನ್ನು ಮಗ ಅಳತೆಪಟ್ಟಿ ಇಟ್ಟು ನೋಡುತ್ತಿದ್ದ. 127 ಮಿಲಿಮೀಟರ್‌ಗಿಂತ ಚಿಕ್ಕದು ನೀರಿಗೆ. ಹೊಟ್ಟೆಯಡಿ ಮೊಟ್ಟೆ ಹೊತ್ತದ್ದು ಎಷ್ಟೇ ದೊಡ್ಡದಿರಲಿ, ನೀರಿಗೆ. ಅಪ್ಪ ಸುಮ್ಮನೆ ನೋಡುತ್ತಾ ನಿಂತಿದ್ದವರು, "ಹತ್ತುಮೀನು ಹತ್ತೋದೇ ಮೊಟ್ಟೆ ಇಡಕ್ಕೆ. ನಾವು ಅದನ್ನೇ ಕಡೀತಿದ್ವಲ್ಲೋ" ಅಂದರು.

ಆ ರಾತ್ರಿ ಮಗ ನೋಟ್‌ಬುಕ್ ಹಿಡಿದು ಅಜ್ಜನ ಮಾತುಗಳನ್ನು ಬರೆದುಕೊಂಡ. ಅಡಿಲೇಡ್ ಸುತ್ತಿನ ಕೌರ್ನ ಭಾಷೆ ದಿನಬಳಕೆಯಿಂದ ಮರೆಯಾಗಿ ಹೋಗಿತ್ತು. ಟೈಕೆಲ್ಮನ್ ಮತ್ತು ಷೂರ್ಮನ್ ಎಂಬ ಇಬ್ಬರು ಜರ್ಮನ್ ಪಾದ್ರಿಗಳು 1840ರಲ್ಲಿ ಅಚ್ಚು ಹಾಕಿಸಿದ ವ್ಯಾಕರಣ, ಪದಪಟ್ಟಿಯ ಆಧಾರದಿಂದ ಅವರ ಮಕ್ಕಳು ಮೊಮ್ಮಕ್ಕಳು ಅದನ್ನು ಮತ್ತೆ ಮಾತಿಗೆ ತಂದುಕೊಂಡಿದ್ದಾರೆ. ನಮಗೂ ಒಬ್ಬ ಜರ್ಮನ್ ಪಾದ್ರಿ ಕಿಟ್ಟೆಲ್ ಸಿಕ್ಕಿದ್ದರು, ಅವರ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಹೊರಬಂತು. ಆದರೆ ನಮ್ಮ ನಮ್ಮ ಅಡುಗೆಮನೆ, ಗದ್ದೆಯಂಚಿನ ಮಾತುಗಳೆಲ್ಲ ಯಾವ ನಿಘಂಟಿಗೂ ಹಿಡಿಸುವುದಿಲ್ಲ.

ಒಂದು ವಿಷಯ ಕೇಳಬೇಕಿತ್ತು. ಕೂಣಿಯ ಬಾಯೊಳಗಿನ ಆ ಚೂಪು ಕಡ್ಡಿಗಳ ಬಾಯಿಗೆ ಬೇರೆಯೇ ಹೆಸರಿತ್ತು ಎಂದು ಅಪ್ಪ ಹೇಳಿದರು. ನೆನಪಾಗಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಲೂ ಯೋಚಿಸುತ್ತಿದ್ದರು, ಏರ್‌ಪೋರ್ಟ್‌ನಲ್ಲಿ ಬೀಳ್ಕೊಡುವಾಗಲೂ "ನಾಲಿಗೆ ತುದೀಲೇ ಇದೆ ಕಣೋ" ಅಂದರು. ಮಗನ ನೋಟ್‌ಬುಕ್‌ನಲ್ಲಿ ಆ ಒಂದು ಸಾಲು ಇನ್ನೂ ಖಾಲಿ ಇದೆ. ಪರ್ತ್, ಬ್ರಿಸ್ಬೇನ್, ಅಡಿಲೇಡ್, ಎಲ್ಲೇ ಇರಿ, ಊರಿಗೆ ಫೋನ್ ಮಾಡಿದಾಗ ನಿಮ್ಮ ಹಿರಿಯರನ್ನು ಒಂದು ಮಾತು ಕೇಳಿ ನೋಡಿ. ಗೊತ್ತಾದರೆ ದಯವಿಟ್ಟು ನಮಗೆ ಬರೆಯಿರಿ.